ಉತ್ತರದ ಬಾಗಿಲು ತೆರೆಯಬೇಕಿದೆ: ಭಕ್ತರಲ್ಲಿ ವಿನಂತಿ

ಭಕ್ತ ಬಂಧುಗಳಿಗೆ ದೇವಸ್ಥಾನದ ಆಡಳಿತ ಮಂಡಳಿಯ ನಮಸ್ಕಾರಗಳು.

ಕಳೆದ ತಿಂಗಳು ಸಂಜೆಯ ಮಂಗಳಾರತಿ ಹೊತ್ತಿನಲ್ಲಿ ನಡೆದದ್ದು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಬಾಯಿಂದ ಬಾಯಿಗೆ ಸುದ್ದಿ ಬೆಳೆದಿದೆ, ಹಾಗಾಗಿ ನಾವೇ ಹೇಳುತ್ತೇವೆ. ಮೀಟರ್ ಬೋರ್ಡಿನಲ್ಲಿ ಕಿಡಿ ಹಾರಿ ಹೊಗೆ ಎದ್ದಿತು. ಹಳೆಯ ಫ್ಯೂಸಿಗೆ ಯಾರೋ ಯಾವಾಗಲೋ ದಪ್ಪ ತಂತಿ ಸುತ್ತಿಟ್ಟಿದ್ದರು. ಬೆಂಕಿ ಚಿಕ್ಕದು, ಬೇಗನೆ ಆರಿತು. ಆದರೆ ‘ಬೆಂಕಿ’ ಎಂಬ ಒಂದೇ ಕೂಗಿಗೆ ಮಂಟಪ ತುಂಬಿದ್ದ ಜನ ಒಟ್ಟಿಗೆ ಎದ್ದರು. ಹಳಬರು ಉತ್ತರದ ಬಾಗಿಲಿಗೆ ಓಡಿದರು. ಅಲ್ಲಿ ಬೀಗ. ಹಿಂದಿನವರು ಒತ್ತುತ್ತಲೇ ಇದ್ದರು. ಪ್ರಾಣಹಾನಿ ಆಗಲಿಲ್ಲ, ದೇವರು ದೊಡ್ಡವನು. ಒಬ್ಬ ಅಜ್ಜಿಯ ಕೈ ಮುರಿಯಿತು.

ಆ ಬೀಗ ಹಾಕಿಸಿದವರು ನಾವೇ. ಹುಂಡಿ ಕಳುವಾದ ವರ್ಷ ಸಭೆಯಲ್ಲಿ ಒಮ್ಮತದಿಂದ ನಿರ್ಣಯ ಮಾಡಿ ಹಾಕಿಸಿದೆವು. ಕೀಲಿಯನ್ನು ಕಚೇರಿಯ ಬೀರುವಿನಲ್ಲಿಟ್ಟು ನೆಮ್ಮದಿಯಾಗಿ ಮಲಗಿದೆವು. ಕಳ್ಳನಿಗೆಂದು ಹಾಕಿದ ಬೀಗ ಭಕ್ತರನ್ನು ಒಳಗೆ ಹಿಡಿದಿಟ್ಟಿತು. ಕ್ಷಮೆ ಕೇಳಲು ಹೋದಾಗ ಅಜ್ಜಿ ಹೇಳಿದ್ದು ಇಷ್ಟೇ: “ಕೈ ಕೂಡಿಕೊಳ್ಳುತ್ತೆ ಬಿಡಿ. ಇದನ್ನೇ ನೆಪ ಮಾಡಿ ಇನ್ನು ಮೇಲೆ ಬರೋರನ್ನ ತಡೀಬೇಡಿ.”

ಈ ದೇವಸ್ಥಾನ ಯಾರನ್ನೂ ತಡೆದದ್ದಲ್ಲ ಎಂಬುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ನೆರೆ ಬಂದ ವರ್ಷ ಮಂಟಪದಲ್ಲೇ ಎಷ್ಟೋ ಸಂಸಾರಗಳು ತಿಂಗಳುಗಟ್ಟಲೆ ಇದ್ದವು. ಆಸ್ಪತ್ರೆಯಲ್ಲಿರುವ ರೋಗಿಗಳ ಕಡೆಯವರು ಇಂದಿಗೂ ರಾತ್ರಿ ನಮ್ಮ ಜಗಲಿಯಲ್ಲೇ ಮಲಗುತ್ತಾರೆ. ನಿಮ್ಮ ಹೆಸರೇನು, ಯಾವ ಜನ ಎಂದು ಕೇಳಿದ್ದಿಲ್ಲ. ಮನೆಯಲ್ಲಿ ಕೂತು ಓದಲು ಜಾಗವಿಲ್ಲದ ಮಕ್ಕಳು ಇಲ್ಲಿನ ದೀಪದಡಿ ಓದಿ ಪಾಸಾಗಿದ್ದಾರೆ. ಅವರಲ್ಲಿ ಇಬ್ಬರು ಈಗ ನಮ್ಮ ಮಂಡಳಿಯಲ್ಲೇ ಇದ್ದಾರೆ. ಇದನ್ನು ಬರೆಯುವಾಗ ಎದೆ ತುಂಬಿ ಬರುತ್ತದೆ.

ಆದ್ದರಿಂದಲೇ ಘಟನೆಯ ನಂತರದ ಸಭೆ ಮಧ್ಯರಾತ್ರಿ ದಾಟಿತು. ಗುರುತಿನ ಚೀಟಿ ನೋಡಿ ಬಿಡೋಣ, ಜಗಲಿಗೆ ಗ್ರಿಲ್ ಹಾಕೋಣ ಎಂದು ಕೆಲವರು ಕಳಕಳಿಯಿಂದಲೇ ಹೇಳಿದರು. ಕಾಲ ಕೆಟ್ಟಿರುವುದು ನಿಜ. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನ ಗುಂಡಿಗೆ ಬಲಿಯಾದರು. ಅದೇ ವರ್ಷ ಜರ್ಮನಿಯ ಹಾಲೆಯಲ್ಲಿ ಯಹೂದಿ ಪ್ರಾರ್ಥನಾ ಮಂದಿರದೊಳಗಿದ್ದವರನ್ನು ಉಳಿಸಿದ್ದು ಹಂತಕನಿಗೆ ಒಡೆಯಲಾಗದ ಗಟ್ಟಿ ಬಾಗಿಲು. ಆದರೆ 1863ರಲ್ಲಿ ಚಿಲಿಯ ಸ್ಯಾಂಟಿಯಾಗೋದ ಚರ್ಚಿಗೆ ಬೆಂಕಿ ಬಿದ್ದಾಗ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಒಳಕ್ಕೆ ತೆರೆಯುವ ಬಾಗಿಲುಗಳನ್ನು ನೂಕುನುಗ್ಗಲಿನಲ್ಲಿ ತೆರೆಯಲಾಗಲಿಲ್ಲ. 1997ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದಲ್ಲಿ ಚಪ್ಪರಕ್ಕೆ ಬೆಂಕಿ ಹತ್ತಿ ಸುಮಾರು ಐವತ್ತು ಮಂದಿಯನ್ನು ಕಳೆದುಕೊಂಡೆವು. ಬಾಗಿಲು ಹೊರಗಿನವನಿಗೆ ಗಟ್ಟಿಯಾಗಿರಬೇಕು, ಒಳಗಿನವರಿಗೆ ಒಂದು ತಳ್ಳಿಗೆ ತೆರೆಯಬೇಕು. ಸಭೆ ಕೊನೆಗೆ ಬಂದು ನಿಂತದ್ದು ಇಲ್ಲಿಗೆ.

ಉತ್ತರದ ಬಾಗಿಲು ಹೊರಕ್ಕೆ ತೆರೆಯುವಂತೆ ಹೊಸದಾಗಿ ಆಗಬೇಕು, ಒಳಬದಿಗೆ ಅಡ್ಡಪಟ್ಟಿ ಇರಬೇಕು. ಮೈ ಒತ್ತಿದರೆ ಸಾಕು, ಕೀಲಿ ಹುಡುಕುವ ಮಾತಿಲ್ಲ. ವೈರಿಂಗ್ ಪೂರ್ತಿ ಬದಲಾಗಬೇಕು. ಕರೆಂಟ್ ಹೋದರೂ ದಾರಿ ತೋರಿಸುವ ದೀಪಗಳು, ಪುಡಿಯ ಅಗ್ನಿಶಾಮಕಗಳು ಬೇಕು (ಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಸುರಿಯಬಾರದು ಎಂಬುದು ನಮ್ಮಲ್ಲೇ ಹಲವರಿಗೆ ಗೊತ್ತಿರಲಿಲ್ಲ). ಹುಂಡಿಯನ್ನು ಗೋಡೆಗೆ ಕೂರಿಸಿ ಕ್ಯಾಮೆರಾ ಹಾಕಿದರೆ ಅದಕ್ಕಾಗಿ ಭಕ್ತರ ದಾರಿ ಮುಚ್ಚಬೇಕಿಲ್ಲ.

ಬಾಗಿಲಲ್ಲಿ ನಿಲ್ಲುವವರು ನಮ್ಮ ಸ್ವಯಂಸೇವಕರೇ. ಅವರಿಗೆ ತರಬೇತಿ ಕೊಡಿಸುತ್ತೇವೆ. 2022ರಲ್ಲಿ ಅಮೆರಿಕದ ಕಾಲಿವಿಲ್‌ನಲ್ಲಿ ಒಬ್ಬ ಯಹೂದಿ ಗುರು ಅಪರಿಚಿತನನ್ನು ಒಳಗೆ ಕರೆದು ಚಹಾ ಕೊಟ್ಟರು. ಅವನೇ ಬಂದೂಕು ತೆಗೆದ. ಗಂಟೆಗಟ್ಟಲೆ ಒತ್ತೆಯಲ್ಲಿದ್ದ ಗುರು ಕೊನೆಗೆ ಕುರ್ಚಿ ಎಸೆದು ಉಳಿದಿಬ್ಬರೊಂದಿಗೆ ಪಾರಾದರು. ಮೊದಲೇ ಕಲಿತಿದ್ದ ರಕ್ಷಣಾ ಪಾಠಗಳೇ ನೆರವಾದವು ಎಂದು ಅವರೇ ಹೇಳಿದ್ದಾರೆ. ನಮ್ಮ ಹುಡುಗರೂ ಬಂದವರಿಗೆ ಕೈಮುಗಿದು ನಮಸ್ಕಾರ ಹೇಳುತ್ತಾರೆ, ಹೇಳುತ್ತಲೇ ಮುಖ ನೋಡುತ್ತಾರೆ. ಮಂಟಪದಲ್ಲಿ ಒಂದು ಚದರ ಮೀಟರಿಗೆ ನಾಲ್ವರು ಆದರೆಂದರೆ ಹೊರಗಿನ ಸಾಲು ನಿಲ್ಲಿಸುತ್ತಾರೆ. ದಯವಿಟ್ಟು ಆಗ ಅವರ ಮೇಲೆ ರೇಗಬೇಡಿ.

ಉತ್ಸವಕ್ಕೆ ಇನ್ನು ಏಳು ವಾರ. ಗೋಪುರಕ್ಕೆ ಬಣ್ಣ ಹಾಕಿಸಿದಾಗ ಆದ ಖರ್ಚಿನ ಹೆಚ್ಚುಕಡಿಮೆ ದುಪ್ಪಟ್ಟು ಬೇಕಾಗಬಹುದು. ಮೂರರಲ್ಲಿ ಒಂದು ಪಾಲು ಈಗಾಗಲೇ ಕೂಡಿದೆ. ಬಣ್ಣಕ್ಕೆ ನಾವು ಕೇಳುವ ಮೊದಲೇ ನೀವು ಕೊಟ್ಟಿರಿ, ಇದು ಕಣ್ಣಿಗೆ ಕಾಣದ ಕೆಲಸ, ಆದರೂ ಕೊಡಿ. ವೈರಿಂಗ್ ಬಲ್ಲವರು, ಮರಗೆಲಸದವರು ಎರಡು ದಿನದ ಸೇವೆ ಕೊಟ್ಟರೂ ದೇಣಿಗೆಯೆಂದೇ ಬರೆದುಕೊಳ್ಳುತ್ತೇವೆ. ಕಚೇರಿ ಬೆಳಗ್ಗೆ, ಸಂಜೆ ತೆರೆದಿರುತ್ತದೆ. ಕೊಟ್ಟಷ್ಟಕ್ಕೂ ರಸೀದಿ ಕೇಳಿ ಪಡೆಯಿರಿ, ಲೆಕ್ಕವನ್ನು ಫಲಕದಲ್ಲಿ ಹಾಕುತ್ತೇವೆ.

ಬೀಗವನ್ನು ಆ ರಾತ್ರಿಯೇ ತೆಗೆದೆವು. ಹೊಸ ಬಾಗಿಲು ಬರುವವರೆಗೆ ಮಂಡಳಿಯವರೇ ಸರದಿಯ ಮೇಲೆ ಅಲ್ಲಿ ಕಾವಲಿರುತ್ತೇವೆ.

ಇತಿ,
ಧರ್ಮದರ್ಶಿಗಳು