ಶೀಗಿ ಹುಣ್ಣಿಮೆಯ ದಾರಿಗೆ ಕೈಮರ ಬೇಕು

ಮಾನ್ಯ ಸಂಪಾದಕರೇ,

ದಸರೆ ಇನ್ನೇನು ಬಂದೇಬಿಟ್ಟಿತು. ರಜೆ ಶುರುವಾದೊಡನೆ ಹುಬ್ಬಳ್ಳಿ, ಧಾರವಾಡ, ಗದಗಗಳಿಂದ ಹೊರಡುವ ಕಾರುಗಳು ಬಾದಾಮಿಯತ್ತಲೋ ಹಂಪಿಯತ್ತಲೋ ಓಡುತ್ತವೆ, ಇಲ್ಲವೇ ಘಟ್ಟ ಇಳಿದು ಗೋಕರ್ಣದ ದಾರಿ ಹಿಡಿಯುತ್ತವೆ. ಹಂಪಿಗೆ ಹೋಗುವವರಲ್ಲಿ ಎಷ್ಟೋ ಜನ ಲಕ್ಕುಂಡಿಯ ಮಗ್ಗುಲಿಂದಲೇ ಹಾದುಹೋದರೂ ಅಲ್ಲಿ ಇಳಿಯುವವರು ಕಡಿಮೆ. ಗದಗ ಸೀಮೆಯ ಹಳೆಯ ಊರುಗಳನ್ನು ನಿಧಾನವಾಗಿ ಸುತ್ತಿ ನೋಡುವುದಕ್ಕೆ ಆಶ್ವಯುಜ, ಕಾರ್ತಿಕದ ಈ ಆರೇಳು ವಾರಗಳಿಗಿಂತ ಒಳ್ಳೆಯ ಹಂಗಾಮು ಬೇರೊಂದಿಲ್ಲ. ಹಾಗೆ ಬರುವವರಿಗಾಗಿ ಆಗಬೇಕಾದ ಕೆಲಸಗಳು ಬಹಳ ಸಣ್ಣವು ಮತ್ತು ಅವು ಹಬ್ಬಕ್ಕೆ ಮುಂಚೆಯೇ ಆಗಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ, ಮುಂಗಾರಿನಲ್ಲಿ ಅದೇ ಮಣ್ಣು ಹೆಜ್ಜೆಹೆಜ್ಜೆಗೂ ಚಪ್ಪಲಿ ಹಿಡಿದೆಳೆಯುತ್ತದೆ. ಉತ್ತರಿ, ಹಸ್ತ ಮಳೆಗಳು ಹೊಯ್ದು ಹಿಂದೆ ಸರಿದ ಮೇಲೆ ಮಾತ್ರ ಈ ನಾಡು ನೋಡುವವರ ಕಣ್ಣಿಗೆ ಒಲಿಯುತ್ತದೆ. ಆಗ ಕೆರೆಗಳಲ್ಲಿ ನೀರಿರುತ್ತದೆ. ಕೂರಿಗೆ ಸಾಲಿನಲ್ಲಿ ಹಿಂಗಾರಿ ಜೋಳ ಗೇಣುದ್ದ ಎದ್ದಿರುತ್ತದೆ. ಹತ್ತಿ ಹೂಬಿಟ್ಟು, ಕಿತ್ತ ಉಳ್ಳಾಗಡ್ಡಿ ಹೊಲದಂಚಿನಲ್ಲಿ ರಾಶಿ ಬಿದ್ದಿರುತ್ತದೆ. ದಕ್ಷಿಣದಲ್ಲಿ, ವರ್ಷದ ಬಹುಪಾಲು ಬೋಳಾಗಿ ಕಾಣುವ ಕಪ್ಪತಗುಡ್ಡ ಹಸಿರು ಹೊದ್ದುಕೊಂಡು ಕುಳಿತಿರುತ್ತದೆ. ಗದಗಿನಲ್ಲೇ ಹುಟ್ಟಿ, ಇಲ್ಲಿಯ ಶಾಲೆಗಳಲ್ಲೇ ಮೂವತ್ತು ವರ್ಷ ಪಾಠ ಮಾಡಿದ ನಾನು ಪ್ರತಿ ವರ್ಷ ಬನ್ನಿ ಹಂಚಿದ ಮರುವಾರ ಮನೆಯವರೊಂದಿಗೆ ಈ ದಾರಿಯಲ್ಲಿ ಹೋಗಿಬರುತ್ತೇನೆ.

ಗದಗಿನಿಂದ ಲಕ್ಕುಂಡಿಗೆ ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇಲ್ಲಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ತಾಯಿಯ ಹೆಸರನ್ನು ನಮ್ಮ ಮಕ್ಕಳು ಪುಸ್ತಕದಲ್ಲಿ ಓದುತ್ತಾರೆ, ಆದರೆ ಅರ್ಧ ಗಂಟೆಯ ದಾರಿಯಲ್ಲಿರುವ ಅವಳ ಬಸದಿಯ ಹೊಸ್ತಿಲನ್ನು ಅವರಲ್ಲಿ ಬಹಳ ಮಂದಿ ದಾಟಿರುವುದಿಲ್ಲ. ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವನ ಗರ್ಭಗುಡಿಗೆ ಎದುರುಬದುರಾಗಿ ಸೂರ್ಯನ ಗರ್ಭಗುಡಿ ಇದೆ. ಅದರ ಬಾಗಿಲವಾಡದ ಮುಂದೆ ನಿಂತು ಕೆತ್ತನೆಯ ಒಂದೊಂದೇ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೂ ನನಗೆ ಎಲ್ಲಕ್ಕಿಂತ ಇಷ್ಟ ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿ. ಬೇಸಿಗೆಯಲ್ಲಿ ಅಲ್ಲಿ ಮೆಟ್ಟಿಲುಗಳಷ್ಟೇ ಕಾಣುತ್ತವೆ. ಮಳೆ ಚೆನ್ನಾಗಿ ಆದ ವರ್ಷ ದಸರೆಯ ಹೊತ್ತಿಗೆ ನೀರು ಮೇಲೇರಿ, ಗೋಡೆಯ ಗೂಡುಗಳಲ್ಲಿರುವ ಪುಟ್ಟ ಗುಡಿಗಳ ನೆರಳು ಅದರಲ್ಲಿ ತಲೆಕೆಳಗಾಗಿ ಬಿದ್ದಿರುತ್ತದೆ. ಗಾಳಿಯಿಲ್ಲದ ಮುಂಜಾನೆ ಹೋದರೆ ಕಲ್ಲು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಮೊದಲಾಯಿತು ಎಂದು ಹೇಳುವುದೇ ಕಷ್ಟ.

ಇದೇ ಜಿಲ್ಲೆಯ ಡಂಬಳಕ್ಕೆ ಮಾತ್ರ ಸಂಜೆಯೇ ಹೋಗಬೇಕು. 12ನೆಯ ಶತಮಾನದ ದೊಡ್ಡಬಸಪ್ಪನ ಗುಡಿಯ ಗರ್ಭಗೃಹವನ್ನು ಚೌಕವಾಗಿ ಕಟ್ಟಿಲ್ಲ. ನಕ್ಷತ್ರದಂತೆ 24 ಮೂಲೆಗಳನ್ನು ಕೊಟ್ಟು ಕಟ್ಟಿದ್ದಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದು ದುಂಡಗೆ ಕಾಣುತ್ತದೆ. ಕಾರ್ತಿಕದ ಸಂಜೆಯ ಓರೆಬಿಸಿಲು ಬಿದ್ದಾಗ ಒಂದು ಮೂಲೆ ಬೆಳಗಿ, ಅದರ ಮಗ್ಗುಲಿನದು ಕಪ್ಪಾಗಿ, ತಳದಿಂದ ಶಿಖರದವರೆಗೆ ಗೆರೆಗೆರೆಯಾಗಿ ನೆರಳು ಏರುತ್ತದೆ. ಇದೇ ಊರಿನ 1095ರ ಶಾಸನವೊಂದು ಇಲ್ಲಿ ಬೌದ್ಧ ವಿಹಾರವೂ ತಾರಾದೇವಿಯ ಆರಾಧನೆಯೂ ಇದ್ದುದನ್ನು ಹೇಳುತ್ತದೆ. ಇಷ್ಟೆಲ್ಲ ಇರುವ ಊರಿಗೆ ಬಂದವರಿಗೆ, ಇದು ಇಂಥದ್ದು ಎಂದು ಕನ್ನಡದಲ್ಲಿ ಸರಿಯಾಗಿ ತಿಳಿಸುವ ನಾಲ್ಕು ಸಾಲುಗಳು ಗುಡಿಯ ಬಳಿ ಇರಬೇಕಲ್ಲವೇ?

ಕಳೆದ ವರ್ಷ, ದಸರೆಯ ನಂತರ ಬರುವ ಶೀಗಿ ಹುಣ್ಣಿಮೆಯ ದಿನ ನಾವು ಲಕ್ಕುಂಡಿ ನೋಡಿಕೊಂಡು, ಹೆದ್ದಾರಿ ಬಿಟ್ಟು ಒಳದಾರಿಯಿಂದ ಡಂಬಳಕ್ಕೆ ಹೊರಟೆವು. ಒಂದು ಕ್ರಾಸಿನಲ್ಲಿದ್ದ ದಾರಿಫಲಕದ ಮೇಲೆ ಯಾರದೋ ಹುಟ್ಟುಹಬ್ಬದ ಶುಭಾಶಯದ ಬ್ಯಾನರು ಅಡ್ಡಲಾಗಿ ಕಟ್ಟಿತ್ತು. ಎಡಕ್ಕೆ ಹೋಗಬೇಕಾದವರು ಬಲಕ್ಕೆ ಹೋದೆವು. ಮೊಬೈಲಿನ ನಕಾಶೆಯನ್ನು ನಂಬಿ ಇನ್ನಷ್ಟು ಮುಂದೆ ಹೋದಾಗ ಡಾಂಬರು ಮುಗಿದು, ಟ್ರ್ಯಾಕ್ಟರು ಓಡಾಡುವ ಎರೆಹಾದಿಯೇ ಎದುರಾಯಿತು. ಅಲ್ಲೊಂದು ಹೊಲದಲ್ಲಿ ಒಂದು ಕುಟುಂಬ ಭೂಮಿತಾಯಿಯ ಪೂಜೆ ಮುಗಿಸಿ, ಎಡೆಯ ಅಡಿಗೆಯನ್ನು ಹೊಲಕ್ಕೆ ಚರಗವಾಗಿ ಚೆಲ್ಲಿ ಊಟಕ್ಕೆ ಕೂರುವುದರಲ್ಲಿತ್ತು. ಬನ್ನಿಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲುಗಳು, ಅವುಗಳ ಮುಂದೆ ಬಾಳೆಎಲೆಯಲ್ಲಿ ಎಡೆ. ದಾರಿ ಕೇಳಿದ್ದಕ್ಕೆ ಆ ಮನೆಯ ಹಿರಿಯರು, ‘ಅಕ್ಕಾರ, ನೀವು ದಾರಿ ತಪ್ಪಿ ಬಂದೀರಿ. ಹಿಂದಕ್ಕ ಹೊಳ್ಳಿ ಕೆರಿ ಏರಿ ಮ್ಯಾಲ ಹೋಗ್ರಿ. ಆದ್ರ ಊಟದ ಹೊತ್ತಿಗೆ ಬಂದವರು ಹಂಗ ಹೋಗಬಾರದು, ಒಂದೊಂದು ರೊಟ್ಟಿ ತಿಂದು ಹೋಗ್ರಿ’ ಎಂದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಕೊನೆಗೆ ಶೇಂಗಾ ಹೋಳಿಗೆ. ಹೊಲದ ಬದುವಿನ ಮೇಲೆ ಕೂತು ಉಂಡ ಆ ಊಟವನ್ನು ನಮ್ಮ ಮೊಮ್ಮಕ್ಕಳು ಇಂದಿಗೂ ನೆನೆಯುತ್ತಾರೆ. ದಾರಿ ತಪ್ಪಿದ್ದು ನಮಗೆ ಒಳ್ಳೆಯದೇ ಆಯಿತು. ಆದರೆ ಎಲ್ಲರಿಗೂ ಹುಣ್ಣಿಮೆಯ ದಿನವೇ ದಾರಿ ತಪ್ಪುವುದಿಲ್ಲ. ಕತ್ತಲಾದ ಮೇಲೆ, ಮಳೆ ಬಂದು ಎರೆಹಾದಿ ಕೆಸರಾದ ಮೇಲೆ ಅಲ್ಲಿ ಸಿಕ್ಕಿಕೊಂಡವರ ಪಾಡು ಬೇರೆ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಅಂದು ನಮ್ಮೊಂದಿಗೆ ಎಪ್ಪತ್ತಾರು ವರ್ಷದ ನಮ್ಮ ಅತ್ತೆಯವರೂ ಇದ್ದರು. ದಾರಿಯಲ್ಲಿ ಹೆಂಗಸರು ಬಳಸಬಹುದಾದ ಒಂದು ಶೌಚಾಲಯ ಸಿಗಲಿಲ್ಲ. ಒಂದು ಕಡೆ ಕಟ್ಟಡವಿತ್ತು, ಬಾಗಿಲಿಗೆ ಬೀಗವಿತ್ತು. ಬೆಳಿಗ್ಗೆಯಿಂದ ಅವರು ನೀರು ಕುಡಿಯದೆ ಕುಳಿತಿದ್ದರೆಂಬುದು ನನಗೆ ಗೊತ್ತಾದದ್ದು ಸಂಜೆ ಮನೆಗೆ ಬಂದು ಅವರು ತಲೆಸುತ್ತಿ ಮಂಚದ ಮೇಲೆ ಮಲಗಿದಾಗ. ಪ್ರವಾಸೋದ್ಯಮದ ದೊಡ್ಡ ಯೋಜನೆಗಳಿಗಿಂತ ಮೊದಲು ಬೇಕಾದದ್ದು ಬೀಗ ತೆಗೆದಿರುವ, ನೀರಿರುವ ಒಂದು ಶೌಚಾಲಯ. ಅದನ್ನು ನೋಡಿಕೊಳ್ಳುವ ಕೆಲಸವನ್ನು ಆಯಾ ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ವಹಿಸಿ, ಅಲ್ಲಿಯೇ ರೊಟ್ಟಿ ಊಟ ಮಾರಲು ಒಂದು ನೆರಳನ್ನೂ ಮಾಡಿಕೊಟ್ಟರೆ ಬಂದವರ ಹಸಿವೂ ನೀಗುತ್ತದೆ, ಊರಿಗೆ ನಾಲ್ಕು ಕಾಸೂ ಬರುತ್ತದೆ. ನಮ್ಮ ನಾಡಿನಲ್ಲಿ ಕೃಷಿಕರ ಸಹಕಾರ ಸಂಘ ಹುಟ್ಟಿದ್ದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಕೂಡಿ ದುಡಿಯುವುದನ್ನು ಈ ಸೀಮೆಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಈ ತಿಂಗಳುಗಳಲ್ಲಿ ರಸ್ತೆಯ ಮೇಲೆ ಗೋವಿನಜೋಳ ಒಣಹಾಕುವುದರ ಬಗ್ಗೆ ವಾಹನದವರು ಸಿಡುಕುವುದನ್ನು ಕೇಳಿದ್ದೇನೆ. ಕಾಳಿನ ರಾಶಿಯ ಸುತ್ತ ಇಟ್ಟ ಕಲ್ಲುಗಳಿಗೆ ರಾತ್ರಿ ಬೈಕುಗಳು ಬಡಿದು ಜನ ಬೀಳುತ್ತಾರೆ ಎಂಬುದು ನಿಜ. ಆದರೆ ಮಳೆಯ ಮೋಡ ಕಾಣುತ್ತಿರುವಾಗ ಹಸಿ ಎರೆಯ ಮೇಲೆ ಕಾಳು ಹರಡಿದರೆ ಬೂಜು ಹಿಡಿಯುತ್ತದೆ. ಊರಿನಲ್ಲಿ ಗಟ್ಟಿಯಾದ, ಒಣಗಿದ ನೆಲವೆಂದರೆ ಡಾಂಬರು ರಸ್ತೆಯೊಂದೇ ಎಂದಾಗ ರೈತ ಇನ್ನೇನು ಮಾಡಬೇಕು? ಊರಿಗೊಂದು ವಿಶಾಲವಾದ ಕಾಂಕ್ರೀಟಿನ ಕಣ ಮಾಡಿಕೊಟ್ಟರೆ ರಸ್ತೆ ತಾನಾಗಿ ತೆರವಾಗುತ್ತದೆ. ಅಲ್ಲಿಯವರೆಗೆ ನೋಡಲು ಬರುವ ನಾವು ಕಾರಿನ ವೇಗ ತಗ್ಗಿಸಿ, ರಾಶಿಯನ್ನು ಬಳಸಿ ಹೋಗೋಣ. ಅದು ಒಂದು ಮನೆಯ ವರ್ಷದ ದುಡಿಮೆ. ಸೆಲ್ಫಿಗಾಗಿ ಸೂರ್ಯಕಾಂತಿಯ ಹೊಲದೊಳಗೆ ನುಗ್ಗಿ ಗಿಡ ಮುರಿಯುವವರಿಗೂ ಇದೇ ನನ್ನ ಬಿನ್ನಹ.

ನಾಗಕುಂಡವೂ ಜೋಡುಕಳಸದ ಗುಡಿಯೂ ಇರುವ ಇದೇ ಜಿಲ್ಲೆಯ ಸೂಡಿಗೆ ಇನ್ನೊಂದು ದಿನ ಬೇಕು. ಕೊಪ್ಪಳ ಜಿಲ್ಲೆಯ ಗಡಿ ದಾಟಿದರೆ, 1112ರಲ್ಲಿ ಕಟ್ಟಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಇಟಗಿಯ ಮಹಾದೇವ ಗುಡಿಯಿದೆ. ಚಳಿ ಬಿದ್ದಮೇಲೆ ಬರುವವರು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಬಹುದು. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಾದ ರಾಮ್ಸರ್ ತಾಣಗಳ ಪಟ್ಟಿ ಸೇರಿದೆ. ಸ್ವಂತ ಕಾರಿಲ್ಲದವರಿಗೂ ಇವೆಲ್ಲ ಎಟುಕುವಂತೆ, ದಸರೆಯಿಂದ ಕಾರ್ತಿಕದ ಕೊನೆಯವರೆಗೆ ರವಿವಾರಗಳಂದು ಹುಬ್ಬಳ್ಳಿಯಿಂದಲೂ ಗದಗಿನಿಂದಲೂ ಈ ಊರುಗಳನ್ನು ಜೋಡಿಸುವ ಬಸ್ಸು ತಪ್ಪದೆ ಓಡಬೇಕು. ಇದಕ್ಕಾಗಿ ರಸ್ತೆ ಅಗಲ ಮಾಡುವ ಅಗತ್ಯವಿಲ್ಲ. ದಾರಿಯುದ್ದದ ಬೇವಿನ ಮರಗಳನ್ನು ಕಡಿಯುವುದಂತೂ ಬೇಡವೇ ಬೇಡ.

ಕಳೆದ ಸಂಕ್ರಾಂತಿಯ ಹೊತ್ತಿಗೆ ಮತ್ತೆ ಅದೇ ಕ್ರಾಸಿನಿಂದ ಹೋಗುವಾಗ, ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಯಾರೋ ಸುಣ್ಣದಲ್ಲಿ ‘ಡಂಬಳ’ ಎಂದು ಬರೆದು, ಪಕ್ಕದಲ್ಲಿ ಒಂದು ಬಾಣದ ಗುರುತು ಹಾಕಿದ್ದರು. ನಮಗೆ ಊಟ ಹಾಕಿದ ಮನೆಯವರೇ ಬರೆದಿರಬೇಕೆಂದು ನನ್ನ ಊಹೆ. ಈ ಮುಂಗಾರಿನ ಮಳೆಗೆ ಆ ಸುಣ್ಣ ತೊಳೆದುಹೋಗಿದೆ. ಆ ಜಾಗದಲ್ಲಿ, ಯಾರ ಬ್ಯಾನರಿಗೂ ಮರೆಯಾಗದಷ್ಟು ಎತ್ತರದ ಒಂದು ಕಬ್ಬಿಣದ ಕೈಮರವನ್ನು ಈ ಶೀಗಿ ಹುಣ್ಣಿಮೆಯೊಳಗಾಗಿ ನಿಲ್ಲಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಗದಗ