ಬೋರ್ಡ್ ಕೊಳ್ಳುವ ಮುಂಚೆ ನಿನಗೆ ಸಿಗುವ ಅಲೆ ನೋಡು

ಪ್ರಿಯ ಗೆಳೆಯಾ,

ಸರ್ಫಿಂಗ್‌ಗೆ, ಅಂದರೆ ಅಲೆಯ ಮೇಲೆ ನಿಂತು ಸವಾರಿ ಮಾಡಲು, ಆರು ಅಡಿ ಉದ್ದದ, 30 ಲೀಟರ್ ಗಾತ್ರದ ಬೋರ್ಡ್ ತಗೊಳ್ಳಲಾ ಅಂತ ಕೇಳಿದ್ದೀಯ. ಈಗಲೇ ಬೇಡ. ನಿನ್ನ ತೂಕ 75 ಕೆಜಿ, ಎದ್ದು ನಿಲ್ಲುವುದನ್ನು ಇನ್ನೂ ಕಲಿಯುತ್ತಿದ್ದೀಯ. ಅಷ್ಟು ಚಿಕ್ಕ ಬೋರ್ಡ್ ಪಳಗಿದವರಿಗೆ ಸರಿ. ನಿನಗೆ 60 ಲೀಟರ್‌ಗಿಂತ ಜಾಸ್ತಿ ಇರುವ, ಏಳೂವರೆಯಿಂದ ಎಂಟು ಅಡಿಯ ಸಾಫ್ಟ್ ಟಾಪ್, ಅಂದರೆ ಮೇಲ್ಭಾಗ ಮೆತ್ತಗಿರುವ ಬೋರ್ಡ್ ಬೇಕು.

ಲೀಟರ್ ಲೆಕ್ಕ ಸುಲಭ. ಬೋರ್ಡಿನ ಗಾತ್ರದ ಒಂದೊಂದು ಲೀಟರ್ ಕೂಡ ನೀರಲ್ಲಿ ಮುಳುಗಿದಾಗ ಹೆಚ್ಚುಕಮ್ಮಿ ಒಂದು ಕೆಜಿ ಭಾರವನ್ನು ಎತ್ತಿ ಹಿಡಿಯುತ್ತದೆ. ಲೀಟರ್ ಜಾಸ್ತಿ ಇದ್ದರೆ ನೀನು ನೀರಿನ ಮೇಲೆ ತೇಲಿಕೊಂಡೇ ಪ್ಯಾಡಲ್ ಮಾಡುತ್ತೀಯ (ಮಲಗಿ ಕೈಯಿಂದ ನೀರು ತಳ್ಳುತ್ತಾ ಮುಂದೆ ಹೋಗುತ್ತೀಯ), ಅಲೆ ಕಡಿದಾಗುವ ಮೊದಲೇ ಹಿಡಿಯುತ್ತೀಯ, ಎದ್ದು ನಿಲ್ಲಲು ಸಮಯ ಸಿಗುತ್ತದೆ. ಕಮ್ಮಿ ಇದ್ದರೆ ಎದೆಯವರೆಗೂ ಮುಳುಗಿ, ಕೈ ಸೋತು, ಒಂದರ ಹಿಂದೆ ಒಂದು ಅಲೆ ತಪ್ಪಿಸಿಕೊಳ್ಳುತ್ತೀಯ. ಅಲೆ ಸಿಗದೆ ಕಲಿಯುವುದು ಹೇಗೆ?

ಆದರೆ ಲೀಟರ್ ಒಂದನ್ನೇ ನೋಡಿ ಬೋರ್ಡ್ ಆರಿಸಬೇಡ. ಎರಡು ಬೋರ್ಡ್‌ಗಳಿಗೆ ಒಂದೇ ಲೀಟರ್ ಇರಬಹುದು, ನೀರಿಗಿಳಿದರೆ ಸ್ವಭಾವವೇ ಬೇರೆ. ಒಂದು ಗಿಡ್ಡ, ಅಗಲ, ತಳ ಚಪ್ಪಟೆ. ಇನ್ನೊಂದು ಉದ್ದ, ಸಪೂರ, ಮೂತಿ ಮೇಲಕ್ಕೆ ಬಾಗಿದ್ದು. ಆ ಬಾಗಿಗೆ ರಾಕರ್ ಅನ್ನುತ್ತಾರೆ. ರಾಕರ್ ಕಮ್ಮಿ ಇದ್ದರೆ ಬೋರ್ಡ್ ಬೇಗ ವೇಗ ಹಿಡಿಯುತ್ತದೆ. ಆದರೆ ಕಡಿದಾದ ಅಲೆಯಲ್ಲಿ ಇಳಿಯುವಾಗ ಅದೇ ಮೂತಿ ನೀರಿಗೆ ಚುಚ್ಚಿಕೊಳ್ಳುತ್ತದೆ.

ಅದಕ್ಕೇ ಸೊಂಟದೆತ್ತರದ, ಶಕ್ತಿ ಇಲ್ಲದ ಅಲೆಗೆ ಅಗಲವಾದ, ರಾಕರ್ ಕಮ್ಮಿ ಇರುವ ಬೋರ್ಡ್ ಒಳ್ಳೆಯದು. ಬಾಲ ಮೀನಿನ ಹಾಗೆ ಸೀಳಿರುವ ಫಿಶ್ ಬೋರ್ಡ್ ಇದೆಯಲ್ಲ, ಅದನ್ನು 1967ರ ಹೊತ್ತಿಗೆ ಅಮೆರಿಕದ ಸ್ಯಾನ್ ಡಿಯೇಗೊದ ಸ್ಟೀವ್ ಲಿಸ್ ಮಂಡಿಯೂರಿ ಸವಾರಿ ಮಾಡಲೆಂದು ರೂಪಿಸಿದ್ದು. ಈಗ ಮೆತ್ತನೆಯ ಅಲೆಗೆ ಎಷ್ಟೋ ಜನರ ಮೊದಲ ಆಯ್ಕೆ ಅದೇ. ಉದ್ದದ ಲಾಂಗ್‌ಬೋರ್ಡ್ ಕೂಡ ಇಂಥ ದಿನಕ್ಕೆ ತುಂಬಾ ಚೆಂದ.

ದೊಡ್ಡ ಅಲೆಯ ವಿಷಯ ನನಗೆ ಬಲು ಇಷ್ಟ. ಅಲೆಗೇ ಅಷ್ಟು ಶಕ್ತಿ ಇರುವಾಗ ಚಿಕ್ಕ ಬೋರ್ಡ್ ಸಾಕಲ್ವಾ ಅಂತ ಅನ್ನಿಸುತ್ತದೆ. ಒಂದು ಮಟ್ಟದವರೆಗೆ ಅದು ನಿಜ: ತಲೆಯೆತ್ತರದ ಒಳ್ಳೆಯ ಅಲೆಗೆ ಪಳಗಿದವರು ಕಮ್ಮಿ ಲೀಟರ್ ಬಳಸುತ್ತಾರೆ. ಆಮೇಲೆ ಲೆಕ್ಕ ತಿರುಗುತ್ತದೆ. ದೊಡ್ಡ ಅಲೆ ಆಳದ ನೀರಲ್ಲೇ ಒಡೆಯುತ್ತದೆ, ನೀರು ಆಳ ಇದ್ದಷ್ಟೂ ಅಲೆಯ ಓಟ ಜೋರು. ಎತ್ತರ ನಾಲ್ಕು ಪಟ್ಟಾದರೆ ಒಡೆಯುವ ಜಾಗದಲ್ಲಿ ವೇಗ ಸುಮಾರು ಎರಡು ಪಟ್ಟು. ಆ ಓಟಕ್ಕೆ ಸಮನಾಗಿ ಪ್ಯಾಡಲ್ ಮಾಡಲು ಉದ್ದ ಬೇಕು. ಹಾಗಾಗಿ ಮೊದಲು ಮಾಮೂಲಿ ಬೋರ್ಡಿಗಿಂತ ಕೆಲವೇ ಇಂಚು ಹೆಚ್ಚು ಉದ್ದದ ಸ್ಟೆಪ್-ಅಪ್ ಬೋರ್ಡ್, ಆಮೇಲೆ ಹವಾಯಿಯ ವೈಮಿಯಾದಲ್ಲಿ ಬರುವಂಥ ದೈತ್ಯ ಅಲೆಗೆ ಒಂಬತ್ತು-ಹತ್ತು ಅಡಿಯ ಗನ್ ಅನ್ನುವ ಬೋರ್ಡ್. ಅದರ ಬಾಲ ಸಪೂರ ಇರುವುದು ಆ ವೇಗದಲ್ಲೂ ಅಲೆಯ ಮೈಯನ್ನು ಕಚ್ಚಿ ಹಿಡಿಯಲಿ ಅಂತ.

ಎತ್ತರದ ಜೊತೆ ಪೀರಿಯಡ್ ಕೂಡ ನೋಡು, ಅಂದರೆ ಎರಡು ಅಲೆಗಳ ನಡುವಿನ ಸೆಕೆಂಡುಗಳು. ಮುನ್ಸೂಚನೆಯಲ್ಲಿ ಎತ್ತರ ಒಂದೇ ಇದ್ದರೂ 14 ಸೆಕೆಂಡಿನ ಅಲೆಗೆ 7 ಸೆಕೆಂಡಿನದಕ್ಕಿಂತ ಎಷ್ಟೋ ಜಾಸ್ತಿ ಬಲ ಇರುತ್ತದೆ.

ಜಾಸ್ತಿ ಲೀಟರ್‌ಗೂ ಒಂದು ಕಷ್ಟ ಇದೆ. ಎದುರು ಬರುವ ನೊರೆಯ ಕೆಳಗೆ ಬೋರ್ಡನ್ನು ಮುಳುಗಿಸಿ ಡಕ್ ಡೈವ್ ಮಾಡಲು ಆಗುವುದಿಲ್ಲ. ಬೋರ್ಡಿನ ಸಮೇತ ಮಗುಚಿಕೊಂಡು, ಅಲೆ ಮೇಲೆ ದಾಟಿಹೋಗುವವರೆಗೆ ಗಟ್ಟಿಯಾಗಿ ಹಿಡಿದುಕೊ. ಆಚೀಚೆ ಯಾರೂ ಇಲ್ಲ ಅಂತ ನೋಡಿಕೊಂಡೇ ಮಾಡು. ದೊಡ್ಡ ಬೋರ್ಡ್ ಕೈತಪ್ಪಿದರೆ ಬೇರೆಯವರಿಗೆ ಪೆಟ್ಟು.

ನೀನು ಇಳಿಯುವ ಕಡೆ ಅಲೆ ಹೆಚ್ಚಿನ ದಿನ ಎಷ್ಟು ಎತ್ತರ ಇರುತ್ತದೆ, ಮೆತ್ತಗೆ ಉರುಳುತ್ತದಾ ಇಲ್ಲ ಒಮ್ಮೆಲೇ ಕವಿಯುತ್ತದಾ, ತಳ ಮರಳಾ ಬಂಡೆಯಾ? ಇಷ್ಟನ್ನು ಬರೆದು ಕಳಿಸು. ಅಗಲ, ದಪ್ಪ, ಬಾಲ ಯಾವುದು ಅಂತ ಕೂತು ನೋಡೋಣ.

ನಿನ್ನ ಗೆಳೆಯ