ಗೋಡೆಯ ಮೇಲಿನ ಹುಳುವೂ ನಮ್ಮೂರಿನದಾಗಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಕಳೆದು ಗೋಡೆಗಳು ಒಣಗಿದರೆ ಮಲೆನಾಡಿನ ಶಾಲೆ, ಬಸ್ ನಿಲ್ದಾಣ, ಪಂಚಾಯಿತಿ ಕಟ್ಟಡಗಳ ಮೇಲೆ ಪರಿಸರದ ಚಿತ್ರ ಬರೆಸುವ ಕೆಲಸ ಶುರುವಾಗುತ್ತದೆ. ಹುಲಿ, ಆನೆಗಳ ಜೊತೆ ಈಗ ಚಿಟ್ಟೆ, ಜೇನುಗಳಿಗೂ ಜಾಗ ಸಿಗುತ್ತಿರುವುದು ಸಂತೋಷದ ಸಂಗತಿ. ಆದರೆ ಎಷ್ಟೋ ಕಡೆ ಆ ಚಿಟ್ಟೆ ಅಮೆರಿಕದ ಮೊನಾರ್ಕ್. ಜೇನು ಕಾರ್ಟೂನಿನದು, ಅದರ ಕಾಲುಗಳು ಹೊಟ್ಟೆಯಿಂದ ಹೊರಟಿರುತ್ತವೆ. ಕೀಟಗಳು ಕಡಿಮೆಯಾಗುತ್ತಿವೆ ಎಂದು ಸಾರುವ ಚಿತ್ರವೇ ಹೀಗಿದ್ದರೆ, ನೋಡಿದವರು ತಮ್ಮ ತೋಟದಲ್ಲಿ ಯಾವುದನ್ನು ಹುಡುಕಬೇಕು?

ತುಡುವೆ ಜೇನುನೊಣದ ಉದ್ದ ಸುಮಾರು 1 ಸೆಂ.ಮೀ. ಗೋಡೆಯ ಮೇಲೆ 4 ಅಡಿ ಬರೆದರೆ 120 ಪಟ್ಟು ಹಿಗ್ಗಿಸಿದ ಹಾಗೆ. ಆ ಲೆಕ್ಕವನ್ನು ಚಿತ್ರದ ಕೆಳಗೆ ಬರೆದು, ಮಗ್ಗುಲಲ್ಲೇ ನಿಜ ಅಳತೆಯ ಒಂದು ನೊಣವನ್ನೂ ಬರೆಯಬೇಕು. ಮಕ್ಕಳು ಮೊದಲು ಹುಡುಕುವುದು ಆ ಪುಟ್ಟದನ್ನೇ. ಆರೂ ಕಾಲು, ನಾಲ್ಕೂ ರೆಕ್ಕೆ ಎದೆಯ ಭಾಗದಿಂದಲೇ ಹೊರಡಬೇಕು. ಮನೆನೊಣವಾದರೆ ಎರಡೇ ರೆಕ್ಕೆ. ಚಿಟ್ಟೆ ಬೇಕಿದ್ದರೆ ನಮ್ಮ ರಾಜ್ಯದ ಚಿಟ್ಟೆಯೇ ಇದೆಯಲ್ಲ, ಸಹ್ಯಾದ್ರಿ ಬರ್ಡ್‌ವಿಂಗ್: ಕಪ್ಪು ಮುಂರೆಕ್ಕೆ, ಹೊಂಬಣ್ಣದ ಹಿಂರೆಕ್ಕೆ. ಇದರ ಮರಿಹುಳು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ನಂಟಿನ ಗಿಡಗಳನ್ನು ಮಾತ್ರ. ಗೋಡೆಯಿಂದ ನಾಲ್ಕು ಅಡಿ ದೂರದಲ್ಲಿ ಎರಡು ಬಳ್ಳಿ ನೆಟ್ಟು ಒಂದು ಮರಕ್ಕೆ ಹಬ್ಬಿಸಿ. ಗೋಡೆಗೇ ಹಬ್ಬಿದರೆ ಥಂಡಿ ಹಿಡಿದು ಬಣ್ಣ ಏಳುತ್ತದೆ. ಬಳ್ಳಿ ವಿಷದ್ದು, ಶಾಲೆಯಾದರೆ ಮಕ್ಕಳಿಗೆ ತಿಳಿಸಿಯೇ ನೆಡಬೇಕು. ಕಳೆ ಕೊಚ್ಚುವ ಯಂತ್ರ ತರುವವರಿಗೂ ಹೇಳಿಡಬೇಕು. ಇಲ್ಲದಿದ್ದರೆ ಮೊಟ್ಟೆಯ ಸಮೇತ ಬಳ್ಳಿ ಹೋಗುತ್ತದೆ.

ಬಣ್ಣದ ಕೆಲಸಕ್ಕೆ ಜನವರಿ, ಫೆಬ್ರುವರಿ ಒಳ್ಳೆಯದು. ಪಾಚಿಯನ್ನು ಕೆರೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಪ್ರೈಮರ್ ಹಚ್ಚಬೇಕು. ಹೊಸ ಗಾರೆಯಾದರೆ 28 ದಿನವಾದರೂ ಬಿಡಬೇಕು. 20 ಅಡಿಗೆ 8 ಅಡಿಯ ಗೋಡೆಗೆ ಹೊರಗೋಡೆಯ ಎಮಲ್ಷನ್ ಬಣ್ಣ ಎರಡು ಸಲ ಬಳಿಯಲು ಸುಮಾರು 3 ಲೀಟರ್ ಹಿಡಿಯುತ್ತದೆ. ಮೇಲೆ ಒಂದು ಅಡಿಯ ಸಜ್ಜಾ ಇಲ್ಲದ ಗೋಡೆಯನ್ನು ಆರಿಸಲೇಬೇಡಿ.

ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರ ಇದಕ್ಕೆ ತಕ್ಕ ಕಲೆ. ಕೆಮ್ಮಣ್ಣಿನ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಇದು ಒಳಗೋಡೆಯ ಕಲೆ. ಇರಚಲು ತಾಗಿದರೆ ತೊಳೆದುಹೋಗುತ್ತದೆ. ಬಸ್ ತಂಗುದಾಣದ ಒಳಗೋಡೆಗೋ ಪಂಚಾಯಿತಿಯ ಜಗಲಿಗೋ ಬರೆಸಬೇಕು. ಮಾದರಿ ಚಿತ್ರ ಕೊಟ್ಟು ನಕಲು ಮಾಡಿಸದೆ, ನಿಜವಾದ ಹುಳುವನ್ನು ತೋರಿಸಿ ಅವರ ಎಳೆಯಲ್ಲೇ ಬರೆಯಲು ಬಿಡಬೇಕು. ಕೂಲಿಯನ್ನೂ ಪೇಂಟರ್‌ಗೆ ಕೊಡುವಷ್ಟೇ ಕೊಡಬೇಕು.

ಪ್ರದರ್ಶನಕ್ಕೆ ಬೀದಿ ನಾಟಕವೇ ಆಗಬೇಕೆಂದಿಲ್ಲ. ನಮ್ಮ ಮಟ್ಟಿಗೆ, ಕೂತಲ್ಲೇ ಹಾಡು, ಮಾತಿನಲ್ಲಿ ನಡೆಸುವ ಯಕ್ಷಗಾನವಾದ ತಾಳಮದ್ದಳೆ ಇನ್ನೂ ಹೊಂದುತ್ತದೆ. ವೇಷ ಬೇಡ, ರಂಗಸಜ್ಜಿಕೆ ಬೇಡ. ಭಾಗವತರು, ಮದ್ದಳೆ, ಚೆಂಡೆ, ಪಾತ್ರಗಳ ಮಾತಾಡುವ ನಾಲ್ಕೈದು ಅರ್ಥಧಾರಿಗಳು ಸಾಕು. ಅದು ನಡೆಯುವುದೂ ಮಳೆಗಾಲದಲ್ಲಿ, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಹೊತ್ತಿನಲ್ಲೇ. ಹತ್ತು ಪದ್ಯಗಳ ಸಣ್ಣ ಪ್ರಸಂಗ ಕಟ್ಟಿ, ವಿವರಗಳನ್ನು ಅರ್ಥಧಾರಿಗಳಿಗೆ ಎರಡು ವಾರ ಮೊದಲೇ ತಲುಪಿಸಬೇಕು. ಕೆಡುವುದು ಎಲ್ಲಿ ಎಂದರೆ, ಜೇನನ್ನು ಧರ್ಮರಾಯನನ್ನಾಗಿಯೂ ಬೆಳೆಗಾರನನ್ನು ರಾಕ್ಷಸನನ್ನಾಗಿಯೂ ಮಾಡಿದಾಗ. ಎದುರಿಗೆ ಕೂತವರೆಲ್ಲ ಬೆಳೆಗಾರರೇ, ಎದ್ದು ಹೋಗುತ್ತಾರೆ. ಬೆಳೆಗಾರನ ಪಾತ್ರಕ್ಕೇ ಗಟ್ಟಿ ಅರ್ಥಧಾರಿಯನ್ನು ಹಾಕಿ; ಕೊಳೆರೋಗದಲ್ಲಿ ಫಸಲು ಉದುರಿದವನ ಸಂಕಟ ಸಭೆಯ ಮುಂದೆ ಬರಲಿ. ಆಗ ಜೇನಿನ ಮಾತಿಗೂ ಬೆಲೆ ಬರುತ್ತದೆ.

ಇಲ್ಲಿ ಔಷಧಿಗಳ ವ್ಯತ್ಯಾಸ ತಿಳಿದಿರಲೇಬೇಕು. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರಿನ ಬೋರ್ಡೋ ದ್ರಾವಣ ಶಿಲೀಂಧ್ರಕ್ಕೆ ಹೊಡೆಯುವುದು. ಇಮಿಡಾಕ್ಲೋಪ್ರಿಡ್ ಕೀಟನಾಶಕ, ಗಿಡದ ರಸದೊಳಗೆ ಸೇರಿ ಮಕರಂದ, ಪರಾಗದವರೆಗೂ ಹೋಗುತ್ತದೆ. ಎರಡನ್ನೂ ಒಟ್ಟಿಗೆ ‘ವಿಷ’ ಎಂದು ಕರೆದ ಕ್ಷಣವೇ ಅರ್ಥಧಾರಿ ಸಭೆಯನ್ನು ಕಳೆದುಕೊಳ್ಳುತ್ತಾನೆ. ಹೂವಿರುವಾಗ ಕೀಟನಾಶಕ ಬೇಡ, ತಪ್ಪದಿದ್ದರೆ ನೊಣಗಳು ಗೂಡಿಗೆ ಮರಳಿದ ಮೇಲೆ ಸಂಜೆ ಹೊಡೆಯಿರಿ ಎಂಬಷ್ಟು ಖಚಿತ ಮಾತು ಬೇಕು. ಏಲಕ್ಕಿ ಹೂವಿನ ಬಾಳು ಒಂದೇ ದಿನ. ಅಂದು ಜೇನು ಬರದಿದ್ದರೆ ಕಾಯಿಲ್ಲ. ಅಡಿಕೆ ತೋಟದ ಕೋಕೋ ಹೂವಿಗೆ ಬರುವುದು ಜೇನಲ್ಲ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೊರಜು. ಅದು ಹುಟ್ಟುವುದು ಕೊಳೆಯುವ ದರಗು, ಕೋಕೋ ಸಿಪ್ಪೆಗಳಲ್ಲಿ. ತೋಟವನ್ನು ಗುಡಿಸಿ ಚೊಕ್ಕ ಮಾಡಿದರೆ ಅದಕ್ಕೆ ಮನೆಯಿಲ್ಲ. ನೊರಜಿಗೂ ಒಂದು ಪಾತ್ರ ಕೊಡಿ.

ಮಿಂಚುಹುಳದ ಕಾರ್ಯಕ್ರಮಕ್ಕೆ ಫ್ಲಡ್‌ಲೈಟ್ ಹಾಕಬೇಡಿ. ಗಂಡು ಹೆಣ್ಣು ಒಂದನ್ನೊಂದು ಗುರುತಿಸುವುದೇ ಬೆಳಕಿನ ಸನ್ನೆಯಿಂದ. ಮುಂಗಾರಿಗೆ ಮುಂಚೆ ಎರಡು ಗಂಟೆ ಬೀದಿದೀಪ ಆರಿಸಿದರೆ ಅದೇ ಪ್ರದರ್ಶನ.

ಪತಂಗಗಳಿಗೆ ಅಮಾವಾಸ್ಯೆಯ ಆಸುಪಾಸು 6 ಅಡಿಗೆ 4 ಅಡಿಯ ಬಿಳಿ ಹತ್ತಿಬಟ್ಟೆ ಕಟ್ಟಿ, ಅತಿನೇರಳೆ ಟ್ಯೂಬು ಹಚ್ಚಿ. ಮನೆಯ ಎಲ್‌ಇಡಿ ಬಲ್ಬಿಗೆ ಹೆಚ್ಚು ಬರುವುದಿಲ್ಲ. ಹತ್ತು ಗಂಟೆಗೆ ಆರಿಸಿ, ಬಟ್ಟೆಯನ್ನು ಪೊದೆಯ ಬಳಿ ಮೆಲ್ಲಗೆ ಕೊಡವಿ. ಹಾಗೇ ಬಿಟ್ಟರೆ ಬೆಳಿಗ್ಗೆ ಮಡಿವಾಳ ಹಕ್ಕಿಗೆ ಊಟ.

ಜರ್ಮನಿಯ 63 ಸಂರಕ್ಷಿತ ಜಾಗಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ 27 ವರ್ಷಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿದೆ ಎಂದು 2017ರ ಅಧ್ಯಯನ ತೋರಿಸಿತು. ಆ ಅಂಕಿಯನ್ನು ನಮ್ಮ ಗೋಡೆಗೆ ಮಲೆನಾಡಿನದೆಂಬಂತೆ ಬರೆಯುವುದು ಸರಿಯಲ್ಲ. ನಮ್ಮ ಅಂಕಿಯನ್ನು ನಾವೇ ಎಣಿಸಬೇಕು. ಚಿತ್ರದ ಪಕ್ಕ ಒಂದು ಕರಿಹಲಗೆಯ ಜಾಗ ಬಿಡಿ. ಮಕ್ಕಳು ಪ್ರತಿ ಶನಿವಾರ, ಮಳೆಯಿಲ್ಲದಾಗ, ಬೆಳಿಗ್ಗೆ 10ಕ್ಕೆ ಅರ್ಧ ಮೀಟರ್ ಚೌಕದ ಹೂಗಳ ಮುಂದೆ ಹತ್ತು ನಿಮಿಷ ನಿಂತು, ಬಂದ ಜೇನು, ಚಿಟ್ಟೆ, ನೊಣ, ಜೀರುಂಡೆಗಳನ್ನು ಬೇರೆಬೇರೆಯಾಗಿ ಎಣಿಸಿ ತಾರೀಖಿನ ಸಹಿತ ಬರೆಯಲಿ. ಹೂವಿನ ಜಾತಿ ವಾರವಾರ ಬದಲಾದರೆ ಹೋಲಿಕೆ ಕೆಡುತ್ತದೆ, ಆದ್ದರಿಂದ ಅದರ ಹೆಸರನ್ನೂ ಬರೆಯಬೇಕು. ಅಳಿಸುವ ಮೊದಲು ಶಾಲೆಯ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲಿ.

ಇತಿ,
ಕೆಲವು ಕೀಟಾಸಕ್ತರು
ಸಾಗರ, ಶಿವಮೊಗ್ಗ ಜಿಲ್ಲೆ